ಹನ್ನೆರಡಕ್ಕೆ ಮುಚ್ಚುವ ಕೋಣೆ

"ಆ ಮೂಲೆ ಬಿಗಿಯಾಗಿ ಎಳಿ. ಸುಕ್ಕು ಕಂಡ್ರೆ ಎದ್ದು ಬೈತಾಳೆ ಇವಳು," ಎನ್ನುತ್ತ ಇಸ್ತ್ರಿ ಅಕ್ಕ ಹೆಣದ ಮೇಲಿನ ಹೊದಿಕೆಯನ್ನು ತಾನೇ ಸರಿಪಡಿಸಿದಳು. ಸತ್ತವಳೂ ಇವಳೂ ಆಸ್ಪತ್ರೆಯ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಜೊತೆಯಾಗಿ ಸವೆದವರು. ಅವಳು ಒಗೆದದ್ದನ್ನು ಇವಳು ಇಸ್ತ್ರಿ ಮಾಡುತ್ತಿದ್ದಳು.

ಸತ್ತವಳ ಮಗಳು ಹತ್ತಿರ ಸರಿದಳು. "ಚಿಕ್ಕಮ್ಮ, ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಅಂದ್ರು. ಕೊನೇ ಸಲ ಯಾವಾಗ ಪರೀಕ್ಷೆ ಮಾಡಿಸಿದ್ರು ಅಂತ ಡಾಕ್ಟ್ರು ಕೇಳಿದ್ರು. ನಂಗೆ ಗೊತ್ತಾಗ್ಲಿಲ್ಲ."

ಇಸ್ತ್ರಿ ಅಕ್ಕನಿಗೆ ಗೊತ್ತಿತ್ತು. ಹೊದಿಕೆಯ ಅಂಚನ್ನು ಮತ್ತೊಮ್ಮೆ ನೇವರಿಸಿದಳು.

* * *

"ಮೂವತ್ತು ದಾಟಿದೋರು ಐದು ವರ್ಷಕ್ಕೊಮ್ಮೆ ಬರ್ಬೇಕು. ನೋವು ಬರೋತನಕ ಕಾಯಬೇಡಿ," ಎಂದಿದ್ದಳು ವರ್ಷಗಳ ಹಿಂದೆ, ಮಹಡಿಯಲ್ಲಿ ಈ ಪರೀಕ್ಷೆ ಮಾಡುವ ನರ್ಸಮ್ಮ. ಇಬ್ಬರೂ ಒಮ್ಮೆ ಹೋಗಿದ್ದರು. ಏನೂ ಇರಲಿಲ್ಲ.

ಐದು ವರ್ಷ ಕಳೆದಾಗ ಇಸ್ತ್ರಿ ಅಕ್ಕನೇ ನೆನಪಿಸಿದಳು. ಗೆಳತಿ ಸೆರಗಿನಲ್ಲಿ ಕೈ ಒರೆಸಿಕೊಂಡಳು: "ಮುಟ್ಟು ನಿಂತೋಯ್ತು, ಗಂಡನೂ ಹೋದ. ಅಂಗಡಿ ಬಾಗಿಲು ಹಾಕಿದ್ಮೇಲೆ ತಪಾಸಣೆ ಯಾಕೆ?"

ಅಲ್ಲಿದ್ದ ಒಗೆಯುವ ಹೆಂಗಸರೆಲ್ಲರಿಗಿಂತ ಜೋರಾಗಿ ನಕ್ಕವಳು ಇಸ್ತ್ರಿ ಅಕ್ಕ. ಹೋಗುತ್ತೇನೆಂದರೂ ಬಿಡುವವರು ಯಾರು? ಪರೀಕ್ಷೆಯ ಕೋಣೆ ತೆರೆದಿರುವುದು ಹತ್ತರಿಂದ ಹನ್ನೆರಡರವರೆಗೆ. ವಾರ್ಡುಗಳ ಕೊಳೆಬಟ್ಟೆಯ ಮೂಟೆಗಳು ಕೆಳಗೆ ಬೀಳುವುದೂ ಅದೇ ಹೊತ್ತಿಗೆ.

ಮತ್ತೆ ಕೆಲವು ವರ್ಷಕ್ಕೆ ಗೆಳತಿಯ ಲಂಗದಲ್ಲಿ ಕಲೆ ಕಂಡಿತು. "ಹೋದ ಯೌವನ ವಾಪಸ್ ಬಂತು ಕಣೇ," ಎಂದು ಕಣ್ಣು ಮಿಟುಕಿಸಿ, ತಣ್ಣೀರಲ್ಲಿ ಉಜ್ಜಿದಳು. ತಣ್ಣೀರಿಗೆ ಹೋಗದ ರಕ್ತದ ಕಲೆಯನ್ನು ಅವಳು ಕಂಡಿರಲಿಲ್ಲ.

* * *

"ನಂಗೂ ಮೂವತ್ತಾಯ್ತು. ನಾನಂತೂ ಮಾಡಿಸ್ಕೋತೀನಿ," ಎಂದಳು ಮಗಳು. "ನೀವು?"

ಹೋದ ವಾರ ತಾನು ಬಚ್ಚಲಲ್ಲಿ ಗುಟ್ಟಾಗಿ ಒಗೆದ, ಕಲೆಯಾದ ಲಂಗ ಇಸ್ತ್ರಿ ಅಕ್ಕನ ಕಣ್ಣಿಗೆ ಕಟ್ಟಿತು. "ಇವತ್ತೇ ಹೋಗ್ತೀನಿ ಕಂದಾ."

ಮಣ್ಣು ಮಾಡಿ ಹೊರಟಾಗ ಒಗೆಯುವ ಕೋಣೆಯ ಸೂಪರ್‌ವೈಸರ್ ಹೂವಿನ ಹಾರದ ದಾರ ಕೈಯಿಂದ ಕೊಡವುತ್ತ ಹೇಳಿದ: "ಪಾಪ, ಒಳ್ಳೇ ಕೆಲಸಗಾರ್ತಿ. ಈಗ ಒಂದು ಕೈ ಕಡಿಮೆ ಆಯ್ತು. ಹೊಸಬರು ಬರೋತನಕ ಯಾರೂ ರಜ ಕೇಳ್ಬೇಡಿ ತಾಯಂದ್ರಾ."

ಹನ್ನೊಂದಕ್ಕೆಲ್ಲ ಅವರು ನೆಲಮಾಳಿಗೆಯಲ್ಲಿದ್ದರು.

"ಸಾರ್, ಮೇಲ್ಗಡೆ ಹೋಗ್ಬರ್ತೀನಿ. ಹತ್ತು ನಿಮಿಷ," ಎಂದಳು ಇಸ್ತ್ರಿ ಅಕ್ಕ.

"ಇವತ್ತೇನಾ ಅಕ್ಕಾ? ಆಪರೇಷನ್ನಿನ ಬಟ್ಟೆ ಕಾಯ್ತಿದೆ. ಅದೊಂದು ಮುಗಿಸಿ ಹೋಗಿ, ಬೇಡ ಅಂದೋರ್ಯಾರು?"

ಒಂದು ಮೂಟೆ ಮುಗಿಯುವಷ್ಟರಲ್ಲಿ ಮೂರು ಬಂದವು. ಕೊನೆಯದನ್ನು ಅರ್ಧಕ್ಕೇ ಬಿಟ್ಟು ಅವಳು ಮೆಟ್ಟಿಲು ಹತ್ತಿದಳು. ಏರಿದ ಉಸಿರಿಗೆ ತಿರುವಿನಲ್ಲಿ ಕಂಬಿ ಹಿಡಿದು ನಿಂತಳು. ಮೇಲೆ ನರ್ಸಮ್ಮ ಬಾಗಿಲಿಗೆ ಬೀಗ ಹಾಕುತ್ತ ಆಯಾಳೊಂದಿಗೆ ಮಾತಾಡುತ್ತಿದ್ದಳು.

"ಇವತ್ತೂ ಒಬ್ರೂ ಬರ್ಲಿಲ್ಲ ನೋಡು. ನಮ್ಮ ಹೆಂಗಸರಿಗೆ ಎಷ್ಟು ಹೇಳಿದ್ರೂ ತಿಳುವಳಿಕೆ ಬರಲ್ಲ."

ಕೀಲಿ ತಿರುಗಿತು. ನರ್ಸಮ್ಮ ಒಮ್ಮೆ ಬೀಗ ಜಗ್ಗಿ ನೋಡಿ, ಇನ್ನೊಂದು ಕಡೆಯ ಮೆಟ್ಟಿಲಿನಿಂದ ಇಳಿದುಹೋದಳು.