ಸೀಟಿನಲ್ಲಿ ಎರಡು ಗುಳಿ

ಅಕ್ಕನ ಕಾರಿನ ಮುಂದಿನ ಹೀಟರ್ ಸೀಟು ಬಿಸಿಯಾಗುವುದು ನಿಂತಿದೆ ಎಂದು ಕೇಳಿದಾಗ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸುಳ್ಳೇಕೆ ಹೇಳಲಿ? ಐದು ವರ್ಷದಿಂದ ಆ ಸೀಟಿನ ಮೇಲೆ ನನಗೆ ಹೊಟ್ಟೆಕಿಚ್ಚು. ಅಕ್ಕ ಆ ಕಾರು ಕೊಂಡ ಚಳಿಗಾಲದಲ್ಲೇ ಅಮ್ಮ ಅವಳ ಮನೆಗೆ ಹೋಗಿ ಉಳಿದಳು. ಭಾನುವಾರ ನನ್ನಲ್ಲಿಗೆ ಬರುತ್ತಾಳೆ, ಉಣ್ಣುತ್ತಾಳೆ, ನಾಲ್ಕು ಗಂಟೆಗೆ ಅಕ್ಕ ಹಾರ್ನ್ ಹೊಡೆದರೆ ಸಾಕು, ಎದ್ದು ನಿಲ್ಲುತ್ತಾಳೆ. “ಸೀಟು ಬೆಚ್ಚಗಿರುತ್ತೆ ಕಣೇ, ಸೊಂಟಕ್ಕೆ ಹಿತ,” ಎನ್ನುತ್ತಾಳೆ. ನನ್ನ ಹಳೇ ವ್ಯಾನಿನ ಸೀಟಿನಲ್ಲಿ ಸ್ಪ್ರಿಂಗು ಬಿಟ್ಟರೆ ಬೇರೆ ವೈಭವವಿಲ್ಲ. ಕಾರು ಸ್ಟಾರ್ಟ್ ಆದ ಕೂಡಲೇ ನಾನು ಬೀದಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅವರಿಬ್ಬರ ಸಂಭ್ರಮವನ್ನು ಯಾರು ನಿಂತು ನೋಡುತ್ತಾರೆ?

ಕಾರುಗಳ ವೈರಿಂಗ್ ರಿಪೇರಿ ನನ್ನ ಕಸುಬು. ಕೆಳಗೆ ಗ್ಯಾರೇಜು, ಮೇಲೆ ಎರಡು ಕೋಣೆಯ ಮನೆ. ಈ ಸಲ ಅಕ್ಕ ಕಾರನ್ನು ಅಮ್ಮನ ಸಮೇತ ತಂದು ಬಿಟ್ಟಳು.

“ಸರಿಯಾಗೋವರೆಗೂ ಅಮ್ಮ ಇಲ್ಲೇ ಇರ್ಲಿ. ಒಂದು ಗಂಟೆ ತಣ್ಣನೆ ಸೀಟಲ್ಲಿ ಕೂತಿದ್ದಕ್ಕೇ ಸೊಂಟ ಹಿಡ್ಕೊಂಡಿದೆ,” ಎಂದು ಹೇಳಿ ಬಸ್ಸು ಹತ್ತಿದಳು.

ಫ್ಯೂಸ್ ನೋಡಿದೆ, ಸರಿಯಿತ್ತು. ಸ್ವಿಚ್ಚು ಒತ್ತಿದರೆ ಅದರ ದೀಪ ಹತ್ತುತ್ತಿತ್ತು. ಸೀಟಿನಡಿಯ ಪ್ಲಗ್ ಬಿಚ್ಚಿ ಮೀಟರ್ ಹಿಡಿದರೆ ಕರೆಂಟು ಅಲ್ಲಿಯವರೆಗೂ ಬರುತ್ತಿತ್ತು. ಪ್ಲಗ್ಗಿನ ಆಚೆ, ಸೀಟಿನೊಳಗೆ ಹೋಗುವ ತಂತಿಗೆ ಹಿಡಿದೆ. ಮೀಟರ್ ತುಟಿಪಿಟಕ್ಕೆನ್ನಲಿಲ್ಲ. ಅಂದರೆ ಒಳಗಿನ ಹೀಟರ್ ಪ್ಯಾಡಿನಲ್ಲಿ ಎಲ್ಲೋ ತಂತಿ ಕಡಿದಿದೆ. ಅರ್ಧ ಗಂಟೆಯಲ್ಲಿ ರೋಗ ಸಿಕ್ಕಿತು. ಹೊಸ ಪ್ಯಾಡ್ ಮಾರನೇ ದಿನವೇ ಬಂತು. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

“ಸ್ಪೇರ್ ಬಂದಿಲ್ಲ ಕಣೇ,” ಎಂದು ದಿನಾ ಫೋನಿನಲ್ಲಿ ಅಕ್ಕನಿಗೆ ಹೇಳಿದೆ. ಹತ್ತು ದಿನ ಅಮ್ಮ ನನ್ನೊಬ್ಬಳಿಗೇ ಸೇರಿದವಳಾಗಿದ್ದಳು. ಸ್ಟೂಲಿನ ಮೇಲೆ ಕೂತು ನನ್ನ ಸ್ಕ್ರೂಗಳನ್ನೆಲ್ಲ ಅಳತೆಯ ಪ್ರಕಾರ ಡಬ್ಬಿಗೆ ತುಂಬಿದಳು. ನನ್ನ ಕೂದಲಿಗೆ ಬೈದಳು. ಆದರೆ ಮಾತು ಎಲ್ಲಿ ಶುರುವಾದರೂ ಕೊನೆಗೆ ಅಲ್ಲಿಗೇ ಬರುತ್ತಿತ್ತು: “ನಿಮ್ಮಕ್ಕನ ಮನೇಲಿ ನಲ್ಲೀಲೇ ಬಿಸಿನೀರು ಬರುತ್ತೆ.” ನನ್ನ ಹೊಟ್ಟೆಯಲ್ಲಿ ಮತ್ತೆ ಉರಿ.

ಹನ್ನೊಂದನೇ ದಿನ ಮಧ್ಯಾಹ್ನ ಅಕ್ಕ ಹೇಳದೆ ಕೇಳದೆ ಬಸ್ಸಿಳಿದು ಬಂದಳು. ಅಮ್ಮ ಮೇಲೆ ಮಲಗಿದ್ದಳು.

“ಒಂದು ಸೀಟಿಗೆ ಹತ್ತು ದಿನಾನಾ?”

ಏನಾದರೂ ಮಾಡಿ ತೋರಿಸಬೇಕಿತ್ತು. ಅವಳ ಎದುರಿಗೇ ಸೀಟಿನ ಹೊದಿಕೆ ಬಿಚ್ಚಿದೆ. ಬೆನ್ನೊರಗುವ ಭಾಗದ ಬುಡದಲ್ಲಿ, ಫೋಮಿನೊಳಗೆ, ಅಕ್ಕಪಕ್ಕ ಎರಡು ಗುಳಿ ಬಿದ್ದಿದ್ದವು. ಒಂದರಲ್ಲಿ ತಂತಿ ತುಂಡಾಗಿ ಕಪ್ಪಗಾಗಿತ್ತು. ನನಗೆ ಅಷ್ಟೇ ಬೇಕಿತ್ತು.

“ನೋಡು! ಕೂತಿದ್ದಕ್ಕೆ ಹೀಗಾಗಲ್ಲ. ಯಾರೋ ಇದರ ಮೇಲೆ ಮಂಡಿಯೂರಿದ್ದಾರೆ, ಅದೂ ವರ್ಷಗಟ್ಟಲೆ. ನಿನ್ನ ಮಕ್ಕಳನ್ನ ಹದ್ದುಬಸ್ತಲ್ಲಿ ಇಟ್ಕೊಳ್ಳೋಕಾಗಲ್ವಾ ನಿಂಗೆ? ಅಮ್ಮನ ಸೊಂಟದ ಬಗ್ಗೆ ಏನು ಕಾಳಜಿ!”

ಅಕ್ಕ ಗುಳಿಗಳನ್ನೇ ನೋಡುತ್ತಾ ನಿಂತಳು.

“ಮಕ್ಕಳು ಹಿಂದೆ ಕೂರ್ತಾರೆ. ಅದು ಅಮ್ಮನ ಮಂಡಿ.”

“ಅಮ್ಮಂದಾ?”

“ನಿನ್ನ ಮನೆಯಿಂದ ಹೊರಟ ಕೂಡಲೇ ಸೀಟ್ ಮೇಲೆ ಹಿಂದಕ್ಕೆ ತಿರುಗಿ ಮಂಡಿಯೂರ್ತಾಳೆ. ಬೀದಿ ಮುಗಿಯೋವರೆಗೂ ನಿನ್ನ ಬಾಗಿಲನ್ನೇ ನೋಡ್ತಾಳೆ. ‘ನಿಧಾನ ಹೋಗೇ, ಒಂದ್ಸಲ ಹೊರಗೆ ಬರ್ತಾಳೇನೋ’ ಅಂತಾಳೆ. ಪ್ರತಿ ಭಾನುವಾರ. ಬೆಲ್ಟ್ ಹಾಕ್ಕೋ ಅಂದ್ರೆ ಕಿವೀಗೇ ಹಾಕ್ಕೊಳ್ಳಲ್ಲ. ಸೊಂಟ ಸುಮ್ನೆ ಹಿಡ್ಕೊಳ್ಳುತ್ತೆ ಅಂದ್ಕೊಂಡ್ಯಾ?” ಅವಳ ದನಿ ಏರಿತು. “ಊಟ ಹಾಕೋಳು ನಾನು, ಹೊತ್ತೊತ್ತಿಗೆ ಮಾತ್ರೆ ಕೊಡೋಳು ನಾನು. ದಾರಿಯುದ್ದಕ್ಕೂ ನಿಂದೇ ಪುರಾಣ. ನಂಗೆಷ್ಟು ಉರಿಯುತ್ತೆ ಗೊತ್ತಾ?”

ಐದು ವರ್ಷದ ಭಾನುವಾರಗಳಲ್ಲಿ ಅಮ್ಮ ನೋಡಿದ್ದು ಮುಚ್ಚಿದ ಬಾಗಿಲು. ಬೀರುವಿನ ಬೀಗ ತೆಗೆದು ಹೊಸ ಪ್ಯಾಡ್ ಹೊರತೆಗೆದೆ. ಅಕ್ಕ ಪ್ಯಾಡಿನ ಡಬ್ಬಿಯ ಮೇಲೆ ಅದು ಬಂದ ತಾರೀಖು ಓದಿದಳು.

“ಬಂದಿಲ್ಲ ಅಂದೆ.”

“ಹೂಂ, ಅಂದೆ.”

ನಾನು ಪ್ಯಾಡ್ ಅಂಟಿಸಿ ಹೊದಿಕೆ ಎಳೆದು ಕೂರಿಸುವವರೆಗೆ ಅಕ್ಕ ಟಾರ್ಚ್ ಹಿಡಿದುಕೊಂಡಳು. ಅಂಗೈ ಇಟ್ಟು ನೋಡಿದರೆ ಸೀಟು ಬೆಚ್ಚಗಾಗುತ್ತಿತ್ತು.

ನಾಲ್ಕು ಗಂಟೆಗೆ ಅಮ್ಮ ಕಾರು ಹತ್ತಿದಳು. ನಾನು ಬಾಗಿಲು ಹಾಕಲಿಲ್ಲ, ಹೊಸ್ತಿಲ ಮೇಲೇ ನಿಂತೆ. ಹತ್ತು ಮಾರು ಹೋಗುವಷ್ಟರಲ್ಲಿ ಹಿಂದಿನ ಗಾಜಿನಲ್ಲಿ ಅಮ್ಮನ ಮುಖ ಮೇಲೆದ್ದಿತು. ನನ್ನನ್ನು ಕಂಡು ಅವಳ ಬಾಯಿ ತೆರೆದುಕೊಂಡಿತು, ಎರಡೂ ಕೈ ಮೇಲಕ್ಕೆ ಹೋದವು.

“ಕೂತ್ಕೊಳಮ್ಮಾ! ತಂತಿ ಕಡಿಯುತ್ತೆ!” ಎಂದು ಕೂಗಿದೆ. ಕೇಳಿಸಿತೋ ಇಲ್ಲವೋ, ಅವಳು ಕೂರಲಿಲ್ಲ. ಈ ಪ್ಯಾಡಿಗೂ ಬಹಳ ದಿನ ಆಯುಸ್ಸಿಲ್ಲ. ಪಕ್ಕದ ಕನ್ನಡಿಯಲ್ಲಿ ಅಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಇನ್ನಷ್ಟು ಉರಿಯಲಿ ಎಂದು, ಕಾರು ತಿರುಗುವವರೆಗೂ ಜೋರಾಗಿ ಕೈ ಬೀಸಿದೆ.