ಬಿಳಿಗೆರೆಪಾಳ್ಯದ ಕಾವಲು ಪಡೆ

ಡಕಾಯಿತರು ಬಿಳಿಗೆರೆಪಾಳ್ಯಕ್ಕೆ ನುಗ್ಗಿದ್ದು ಯುಗಾದಿಯ ಹಿಂದಿನ ವಾರ. ಕೆಂಚಮ್ಮನ ಓಲೆಯ ತಿರುಪು ಬಿಚ್ಚುವಷ್ಟು ತಾಳ್ಮೆ ಅವರಿಗಿರಲಿಲ್ಲ. ಕಿವಿಯ ಹಾಲೆಯನ್ನೇ ಕತ್ತರಿಸಿಕೊಂಡು ಹೋದರು. ತಡೆಯಲು ಬಂದ ಅವಳ ಗಂಡನ ತಲೆಯನ್ನು ಒನಕೆಯಿಂದ ಒಡೆದರು. ಮಗ ಅಡವಯ್ಯ ಕಡಲೆಕಾಯಿ ಗಾಡಿ ಹೊಡೆದುಕೊಂಡು ಶಿರಾಕ್ಕೆ ಹೋಗಿದ್ದ. ಅವನು ಬರುವಷ್ಟರಲ್ಲಿ ಅಪ್ಪನನ್ನು ಮಣ್ಣು ಮಾಡಿಯಾಗಿತ್ತು.

ಆ ಸೀಮೆಗೆಲ್ಲ ಇದ್ದದ್ದು ಒಂದು ಹೊರಠಾಣೆ. ಅದರಲ್ಲಿ ದಫೇದಾರ ಓಬಳಯ್ಯ ಮತ್ತು ಅವನ ಕೈಕೆಳಗೆ ಇಬ್ಬರು ಪೇದೆಗಳು. ಇಷ್ಟು ಜನರಿಂದ ಹಳ್ಳಿಗಳನ್ನು ಕಾಯುವುದು ಆಗದ ಮಾತೆಂದು ಓಬಳಯ್ಯ ಊರಿನವರನ್ನೇ ಸೇರಿಸಿ ಕಾವಲು ಪಡೆ ಕಟ್ಟಿದ. ಬೆಳಗಿನ ಹೊತ್ತು ಮಾರಮ್ಮನ ಗುಡಿಯ ಮುಂದೆ ಲಾಠಿ ಬೀಸುವುದನ್ನು ಕಲಿಸಿದ. ಗುರುತಿಲ್ಲದವರು ಕಂಡರೆ ಹೆಂಗಸರು ಕಂಚಿನ ತಟ್ಟೆ ಬಡಿಯಬೇಕು, ಸದ್ದು ಕೇಳಿದ ಮನೆಯವರೂ ಬಡಿಯಬೇಕು ಎಂದು ಗೊತ್ತು ಮಾಡಿದ. ಬಣವೆಗೆ ಬೆಂಕಿ ಬಿದ್ದಾಗ ಅದೇ ಪಡೆ ಕೆರೆಯಿಂದ ಕೊಡಗಳನ್ನು ಕೈಯಿಂದ ಕೈಗೆ ದಾಟಿಸಿ ಇಡೀ ಕೇರಿಯನ್ನು ಉಳಿಸಿತು. ಓಬಳಯ್ಯನಿಗೆ ತನ್ನ ಹುಡುಗರೆಂದರೆ ಹೆಮ್ಮೆ. ಅಡವಯ್ಯನ ಮೇಲೆ ಇನ್ನೂ ಹೆಚ್ಚು. ಎಲ್ಲಿ ಹೊಡೆದರೆ ಮನುಷ್ಯ ಮತ್ತೆ ಏಳುವುದಿಲ್ಲ ಎಂದು ಅವನು ಕೇಳಿದಾಗ ತೋರಿಸಿಯೂ ಕೊಟ್ಟಿದ್ದ.

ಸಂತೆಯ ದಿನ, ಬಿಸಿಲೇರುವ ಹೊತ್ತು, ತಟ್ಟೆಗಳ ಸದ್ದು ಕೇಳಿಸಿತು. ಓಬಳಯ್ಯ ಸಂತೆ ಬಿಟ್ಟು ಓಡಿದ. ಕೆರೆ ಏರಿಯ ಹೊಂಗೆಮರಕ್ಕೆ ಒಬ್ಬನನ್ನು ಹಗ್ಗದಿಂದ ಬಿಗಿದಿದ್ದರು. ಮುಖದಲ್ಲಿ ಕಣ್ಣು ಯಾವುದು ಮೂಗು ಯಾವುದು ತಿಳಿಯುತ್ತಿರಲಿಲ್ಲ. ಒಂದು ಕೈ ಮೊಣಕೈಯಿಂದ ಕೆಳಗೆ ತಿರುಚಿಕೊಂಡು ನೇತಾಡುತ್ತಿತ್ತು. ಅವನ ಗಂಟಿನಲ್ಲಿ ದೊಡ್ಡ ಕಬ್ಬಿಣದ ಕತ್ತರಿ ಸಿಕ್ಕಿತ್ತಂತೆ. ಕೇಳಿದ್ದಕ್ಕೆ ತೆಲುಗಿನಲ್ಲಿ ಏನೋ ಅಂದನಂತೆ, ದೊಣ್ಣೆ ಕಂಡು ಓಡಿದನಂತೆ. ಅಮ್ಮನ ಕಿವಿ ಕುಯ್ದದ್ದು ಇದೇ ಕತ್ತರಿ ಎಂದು ಅಡವಯ್ಯ ಮೊದಲ ಏಟು ಹಾಕಿದನಂತೆ.

ಓಬಳಯ್ಯ ನಾಗಲಮಡಿಕೆ ಕಡೆಯವನು, ತೆಲುಗು ಬಲ್ಲವನು. ಕಟ್ಟಿಹಾಕಿದ್ದವನ ಬಾಯಿಯ ಹತ್ತಿರ ಕಿವಿಯಿಟ್ಟ.

"ಗೊರ್ರೆಲ ಬೊಚ್ಚು ಕತ್ತಿರಿಸ್ತಾನು ಸಾಮಿ," ಎಂದಿತು ಆ ಬಾಯಿ. ಪಾವಗಡದ ಕಡೆಯಿಂದ ಕುರಿಯ ಉಣ್ಣೆ ಕತ್ತರಿಸಲು ಬಂದವನು, ಹೆಸರು ಕಾಟಪ್ಪ.

ಓಬಳಯ್ಯ ಅದನ್ನು ಕೂಗಿ ಹೇಳಿದ. ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಅಡವಯ್ಯ ಮತ್ತೆ ಲಾಠಿ ಎತ್ತಿದ. ಅಡ್ಡ ಬಂದ ಓಬಳಯ್ಯನ ಹೆಗಲ ಮೇಲೆ ಅದು ಬಿದ್ದು ಮೂಳೆ ಲಟಕ್ಕೆಂದಿತು. ಬಲಗೈ ಸತ್ತಂತಾಯಿತು. ಇನ್ನೊಂದು ಏಟು ಏಳುತ್ತಿದ್ದಂತೆ ಅವನು ಎಡಗೈಯಿಂದಲೇ ಲಾಠಿ ಬೀಸಿ ಅಡವಯ್ಯನ ಮೊಣಕಾಲು ಮುರಿದ. ಹುಡುಗ ಚೀರಿಕೊಂಡು ಬಿದ್ದ. ಆಗಷ್ಟೇ ತಟ್ಟೆಗಳು ಒಂದೊಂದಾಗಿ ನಿಂತವು.

ಜನರ ನಡುವಿನಿಂದ ಕೆಂಚಮ್ಮ ಮುಂದೆ ಬಂದಳು. ಅವಳ ಕಿವಿಯ ಗಾಯ ಇನ್ನೂ ಮಾಗಿರಲಿಲ್ಲ.

"ಇವನಲ್ಲ ಸ್ವಾಮಿ. ಮೊದ್ಲೇ ಯೇಳ್ದೆ. ತಟ್ಟೆ ಸದ್ದಲ್ಲಿ ಯಾರ್ಗೂ ಕೇಳ್ನಿಲ್ಲ."

ಕೊರಟಗೆರೆಯ ಆಸ್ಪತ್ರೆಗೆ ಗಾಡಿ ಕಟ್ಟಿದರು. ಊರಿನವರು ಯಾರೂ ಜೊತೆಗೆ ಹತ್ತಲಿಲ್ಲ, ಓಬಳಯ್ಯನಿಗೆ ಇದ್ದದ್ದು ಒಂದೇ ಕೈ. ಹಾಗಾಗಿ ಕಾಟಪ್ಪನ ತಲೆ ಹಿಡಿದುಕೊಳ್ಳಲು ಅಡವಯ್ಯನಿಗೇ ಹೇಳಬೇಕಾಯಿತು. ಮುರಿದ ಕಾಲು ಚಾಚಿ ಕೂತು ಅವನು ಆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಗಾಡಿ ಹಳ್ಳಕ್ಕೆ ಇಳಿದಾಗಲೆಲ್ಲ ಇಬ್ಬರೂ ನರಳುತ್ತಿದ್ದರು. ದಾರಿಯಲ್ಲಿ ಕಾಟಪ್ಪ ನೀರು ಕೇಳಿದ. ಅಡವಯ್ಯ ಕುಡಿಸಿದ, ಅರ್ಧ ಗಂಟಲಿಗಿಳಿಯಿತು, ಅರ್ಧ ರಕ್ತದ ಜೊತೆ ಹೊರಗೆ ಬಂತು. ಕೊರಟಗೆರೆ ಕಾಣುವ ಮುಂಚೆಯೇ ಕಾಟಪ್ಪನ ಉಸಿರು ನಿಂತುಹೋಯಿತು. ಅಡವಯ್ಯ ತಲೆ ಕೆಳಗಿಡಲಿಲ್ಲ. ಆಸ್ಪತ್ರೆಯವರು ಬಂದು ಅವನ ಬೆರಳುಗಳನ್ನು ಬಿಡಿಸಬೇಕಾಯಿತು.

ಊರು ಒಂದಾಯಿತು. ಹೊಡೆದದ್ದು ಯಾರೆಂದು ನೋಡಲಿಲ್ಲ ಎಂದು ಎಲ್ಲರೂ ಹೇಳಿದರು. ಪಟೇಲ ರುದ್ರಯ್ಯ ಠಾಣೆಗೇ ಬಂದು, ಊರಿಗಾಗಿ ದುಡಿದ ಹುಡುಗ, ಬಿಟ್ಟುಬಿಡಿ ಎಂದ. ಓಬಳಯ್ಯ ತಾನು ಕಂಡದ್ದನ್ನೂ, ಆ ಏಟು ಕಲಿಸಿದ್ದು ತಾನೇ ಎಂಬುದನ್ನೂ ಮೇಲಿನವರಿಗೆ ತಿಳಿಸಿದ. ಅವನನ್ನು ಪೇದೆಯ ಕೆಲಸಕ್ಕೆ ಇಳಿಸಿ ಮಧುಗಿರಿಗೆ ಹಾಕಿದರು.

ತುಮಕೂರಿನ ಕೋರ್ಟಿನಲ್ಲಿ ಊರಿನ ಕಡೆಯಿಂದ ಸಾಕ್ಷಿಗೆ ನಿಂತದ್ದು ಕೆಂಚಮ್ಮ ಒಬ್ಬಳೇ. ಮೊದಲ ಏಟು ಯಾರದೆಂದು ವಕೀಲರು ಕೇಳಿದಾಗ ಸೆರಗು ಸರಿಮಾಡಿಕೊಂಡು ಮಗನ ಕಡೆ ಕೈ ತೋರಿಸಿದಳು. ಅಡವಯ್ಯನಿಗೆ ಜೈಲಾಯಿತು. ಊರಿನವರು ಅವಳಿಗೆ ಬಾವಿಯ ಹಗ್ಗ ಕೊಡುವುದನ್ನೂ ನಿಲ್ಲಿಸಿದರು.

ಮಳೆಗಾಲ ಕಳೆದ ಮೇಲೆ ಅವಳು ಮಧುಗಿರಿಗೆ ನಡೆದುಕೊಂಡೇ ಬಂದು ಓಬಳಯ್ಯನ ಮನೆ ಹುಡುಕಿದಳು. ಜೈಲಿಗೆ ಹೋಗುವುದು ಹೇಗೆಂದು ತನಗೆ ತಿಳಿಯದು, ಜೊತೆಗೆ ಬರಬೇಕು ಎಂದಳು. ನೆಟ್ಟಗೆ ಕೂಡದ ಹೆಗಲ ಮೇಲೆ ಟವೆಲು ಹಾಕಿಕೊಂಡು ಅವನು ಹೊರಟ.

ಕಂಬಿಯ ಆಚೆ ಅಡವಯ್ಯ ಕಾಲೆಳೆದುಕೊಂಡು ಬಂದು ನಿಂತ. ಓಬಳಯ್ಯನನ್ನು ನೋಡಲಿಲ್ಲ. ತಾಯಿಯನ್ನು ಕೇಳಿದ.

"ಯಾಕವ್ವ ಬಂದೆ?"

"ಅಲ್ಲಿ ನಿಜ ಯೇಳ್ದೆ," ಎಂದಳು ಕೆಂಚಮ್ಮ. "ನೀನು ನನ್ ಮಗ ಅನ್ನೋದೂ ನಿಜವೇ ಕಣ್ಲಾ."

ಕಂಬಿಯ ಸಂದಿಯಿಂದ ಅವಳು ಕೈ ತೂರಿಸಿದಳು. ಕಾವಲಿನವನು ಬೇಡವೆನ್ನಲು ಹೆಜ್ಜೆ ಇಟ್ಟ. ಓಬಳಯ್ಯ ನಡುವೆ ಹೋಗಿ ನಿಂತುಕೊಂಡ.