ನಾಲ್ಕೋ, ನಾಲ್ಕೂ ಮುಕ್ಕಾಲೋ

ನೆಂಟರೆಲ್ಲ ಹೊರಟುಹೋದ ಮೇಲೆ ಆ ಮನೆಗೆ ಬಂದ ಮೊದಲ ಮಾಮೂಲಿ ಬೆಳಗು ಅದು. ಬಾಗಿಲಲ್ಲಿ ಹಾಲಿನ ಪ್ಯಾಕೆಟ್ಟು ಎರಡು ಬಿದ್ದಿದ್ದವು. ಇನ್ನು ಒಂದು ಸಾಕು ಎಂದು ಹೇಳಬೇಕಾದವಳು ಅವಳೇ, ಹೇಳಿರಲಿಲ್ಲ. ಯಾರು ಹೋದರೂ ಲೋಕ ನಡೆಯುತ್ತದೆ ಎನ್ನುತ್ತಾರಲ್ಲ, ಅದು ತಾನು ನಡೆದರೆ ಸಾಲದೆಂದು ಉಳಿದವರನ್ನೂ ಎಬ್ಬಿಸುತ್ತದೆ. ಕಪಾಟಿನ ಮೇಲಿದ್ದ ಗಂಡನ ವಾಚು ಗುರ್ರೆಂದು ನಡುಗಿ, ‘ಬಹಳ ಹೊತ್ತಿನಿಂದ ಕೂತಿದ್ದೀರಿ, ಎದ್ದು ಓಡಾಡಿ’ ಎಂದು ತೋರಿಸಿತು.

“ಅದರ ಬಾಯಿ ಮುಚ್ಚಿಸಮ್ಮ,” ಎಂದರು ಅತ್ತೆ, ಟೀ ಲೋಟದಿಂದ ತಲೆ ಎತ್ತದೆ.

ಮುಚ್ಚಿಸಲು ಹೋದವಳ ಕಣ್ಣಿಗೆ ಅವನ ಕೊನೆಯ ಓಟದ ಲೆಕ್ಕ ಮತ್ತೆ ಬಿತ್ತು. ನಾಲ್ಕೂ ಮುಕ್ಕಾಲು ಕಿಲೋಮೀಟರು.

ಹೃದಯದ ಗೋಡೆ ದಪ್ಪಗಾಗಿದೆ, ಓಡಲೇಬೇಕೆಂದಿದ್ದರೆ ನಾಲ್ಕು ದಾಟಬೇಡಿ ಎಂದು ಡಾಕ್ಟರು ಹೇಳಿದ್ದರು. ದಾಟಲ್ಲ ಎಂದು ಅವನು ಅವಳಿಗೆ ಮಾತು ಕೊಟ್ಟಿದ್ದ. ಆಮೇಲೊಂದು ಬೆಳಿಗ್ಗೆ ಓಡಿ ಬಂದು, ಶೂ ಬಿಚ್ಚಲು ಮೆಟ್ಟಿಲ ಮೇಲೆ ಕೂತವನು ಒಂದೇ ಶೂ ಬಿಚ್ಚಿದ.

“ಹುಟ್ಟಿದಾಗಿನಿಂದ ಅವನು ಯಾರ ಮಾತು ಕೇಳಿದ್ದ?” ಅತ್ತೆ ತಮ್ಮಷ್ಟಕ್ಕೆ ಅಂದರು. “ಬೇಡ ಅಂದಿದ್ದನ್ನೇ ಮಾಡೋನು. ನೀನಾದರೂ ಎಷ್ಟು ಅಂತ ಹೇಳ್ತೀಯ.”

ಅವಳ ಪರವಾಗಿಯೇ ಆಡಿದ ಮಾತು. ಆದರೂ ನುಂಗಲಾಗಲಿಲ್ಲ. ಬಂದವರೆಲ್ಲ ಅತ್ತು ಹಗುರಾಗಿ ಹೋಗಿದ್ದರು. ಅವಳಿಗೆ ಅಳು ಬಂದಿರಲಿಲ್ಲ. ಮಾತಿಗೆ ತಪ್ಪಿದ ಎಂಬ ಸಿಟ್ಟೊಂದೇ ಅನ್ನದೊಳಗಿನ ಕಲ್ಲಿನ ಹಾಗೆ ಹಲ್ಲಿಗೆ ಸಿಗುತ್ತಿತ್ತು.

ಗುಡಿಸುವಾಗ ಬಾಗಿಲ ಹಿಂದೆ ಪೊರಕೆಗೆ ಅಳತೆ ಗಾಲಿ ತಗುಲಿತು. ಉದ್ದ ಹಿಡಿಕೆ, ತುದಿಗೊಂದು ಚಕ್ರ, ಉರುಳಿದಷ್ಟೂ ಮೀಟರು ಎಣಿಸುವ ಪುಟ್ಟ ಡಬ್ಬಿ. ಎದುರುಮನೆಯ ಟೇಪಣ್ಣನದು. ನೀರಿನ ಪೈಪಿಗೆ ಅಗೆದ ಕಾಲುವೆಗಳನ್ನು ಅಳೆಯುವ ಕೆಲಸದವನಾದ್ದರಿಂದ ಬೀದಿಯವರೆಲ್ಲ ಅವನನ್ನು ಕರೆಯುವುದು ಹಾಗೆಯೇ. ಸಾವಿನ ಮನೆಗೆ ಬಂದಾಗ ಆ ಮೂಲೆಯತ್ತ ನೋಡಿದ್ದ, ಕೇಳಿರಲಿಲ್ಲ.

ಗಂಡ ಅದನ್ನು ತಂದ ದಿನ ಅವಳು ರೇಗಿಸಿದ್ದಳು: “ಓಡೋದು ಸಾಲದು ಅಂತ ಗಾಲಿ ಬೇರೆ ಕಟ್ಕೋತೀರಾ?”

“ವಾಚನ್ನ ನಂಬೋಕಾಗಲ್ಲ ಕಣೇ. ಒಂದೇ ದಾರಿಗೆ ದಿನಕ್ಕೊಂದು ಲೆಕ್ಕ ಹೇಳುತ್ತೆ.”

ಓಡುವವರ ಜಾತಿಯೇ ಹಾಗೆ, ವಾಚು ಹೆಚ್ಚು ತೋರಿಸಿದರೆ ಸತ್ಯ, ಕಡಿಮೆ ತೋರಿಸಿದರೆ ಮೋಸ ಎಂದುಕೊಂಡು ಅವಳು ಸುಮ್ಮನಾಗಿದ್ದಳು. ಅದು ತೋರಿಸುವುದು ಹೆಚ್ಚೋ ಕಡಿಮೆಯೋ ಎಂದು ಕೇಳಿರಲಿಲ್ಲ.

ಗಾಲಿಯನ್ನು ಕೊಟ್ಟುಬರಲು ಎತ್ತಿಕೊಂಡವಳು ಯಾಕೋ ನಿಂತು, ಫೋನಿನಲ್ಲಿ ಆ ಓಟದ ನಕ್ಷೆ ತೆರೆದಳು. ಭೂಗೋಳ ಓದಿದವಳು, ನಕ್ಷೆ ಅವಳಿಗೆ ಹೊಸದಲ್ಲ. ನೀಲಿ ಗೆರೆ ದರ್ಜಿಯ ಅಂಗಡಿಯೊಳಗೆ ನುಗ್ಗಿ, ಬ್ಯಾಂಕಿನ ಗೋಡೆ ತೂರಿ, ಚರಂಡಿಯಲ್ಲಿಳಿದು ಎದ್ದು, ಮೇಲ್ಸೇತುವೆಯ ಕೆಳಗೆ ಬೆಕ್ಕು ಆಡಿದ ನೂಲುಂಡೆಯಂತೆ ಸಿಕ್ಕಾಗಿ, ಅಲ್ಲಿಂದಲೇ ಮನೆಯತ್ತ ತಿರುಗಿತ್ತು. ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಂಕೇತ ಗೋಡೆಯಿಂದ ಗೋಡೆಗೆ ಬಡಿದು ಬರುತ್ತದೆ. ಮನುಷ್ಯ ನೇರಕ್ಕೆ ಓಡಿದರೂ ವಾಚು ಅವನನ್ನು ಕುಡುಕನಂತೆ ಓಡಿಸಿ, ಆ ಸೊಟ್ಟ ದಾರಿಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ಚಪ್ಪಲಿ ಮೆಟ್ಟಿಕೊಂಡಳು.

“ಎಲ್ಲಿಗೆ?”

“ಇಲ್ಲೇ ಅತ್ತೆ. ಬಂದೆ.”

ಮೆಟ್ಟಿಲಿನಿಂದ ಸೊನ್ನೆ ಮಾಡಿಕೊಂಡು ಉರುಳಿಸಿದಳು. ಗಾಲಿ ಟಿಕ್ ಟಿಕ್ ಎನ್ನುತ್ತ ದರ್ಜಿಯ ಅಂಗಡಿಯೊಳಗೆ ಹೋಗದೆ ಅದರ ಮುಂದಿನಿಂದ ಹೋಯಿತು. ದರ್ಜಿ ಸೂಜಿಗೆ ದಾರ ಪೋಣಿಸುತ್ತಿದ್ದವನು ತಲೆ ಎತ್ತಿ, “ಮತ್ತೆ ಅಗೀತಾರೇನಮ್ಮ ರಸ್ತೆ?” ಎಂದ. ಇಲ್ಲವೆಂದು ತಲೆಯಾಡಿಸಿದಳು. ಗಂಡ ದಿನಾ ಓಡುತ್ತಿದ್ದದ್ದು ಇಷ್ಟು ಸಪ್ಪೆ ದಾರಿಯಲ್ಲೇ ಎನಿಸಿತು: ಷಟರ್ ಎಳೆದ ಅಂಗಡಿಗಳು, ಬಸ್ಸಿಗೆ ಕಾಯುವ ಜನ, ಕಸದ ಗಾಡಿ.

ಮೇಲ್ಸೇತುವೆಯ ಕೆಳಗಿನ ಕಂಬವೊಂದರ ಮೇಲೆ, ಮೊಣಕಾಲೆತ್ತರಕ್ಕೆ, ಹಳದಿ ಬಣ್ಣದ ಗೆರೆಯಿತ್ತು. ಅದರ ಪಕ್ಕ ‘ತಿರುಗು’ ಎಂದು ಅವನ ಅಕ್ಷರ. ‘ರ’ ಬರೆಯುವಾಗ ಎಂದಿನಂತೆ ತಲೆಕಟ್ಟು ಮರೆತಿದ್ದ.

ಡಬ್ಬಿಯ ಕಡೆ ನೋಡಿದಳು. ಎರಡು ಸಾವಿರಕ್ಕೆ ಒಂದಿಷ್ಟು ಕಡಿಮೆ. ಹೋಗಿ ಬಂದರೆ ನಾಲ್ಕು, ಅದೂ ತುಂಬುವುದಿಲ್ಲ.

ಹೆಚ್ಚು ಓಡಿದೆನೆಂದು ತೋರಿಸಿಕೊಳ್ಳಲಲ್ಲ, ಎಲ್ಲಿ ನಿಲ್ಲಬೇಕೆಂದು ತಿಳಿಯಲು ಅವನು ಗಾಲಿ ತಂದಿದ್ದ.

ಅಳು ಬರಬೇಕಿತ್ತೇನೋ. ಬರಲಿಲ್ಲ. ಇಷ್ಟು ದಿನ ಸಿಟ್ಟನ್ನು ಕಟ್ಟಿಹಾಕಿದ್ದ ಗೂಟ ಕಿತ್ತುಬಂದಂತಾಯಿತು ಅಷ್ಟೆ. ಕಂಬಕ್ಕೆ ಒರಗಿ ನಿಂತಳು. ಮೇಲೆ ಲಾರಿಗಳು ಹೋಗುತ್ತಿದ್ದವು. ಕಂಬ ಬೆನ್ನಿಗೆ ಅದುರುತ್ತಿತ್ತು.

ಮನೆಗೆ ಬಂದು ಹೇಳಿದಳು. “ಅತ್ತೆ, ಅವರು ನಾಲ್ಕು ದಾಟಿರಲಿಲ್ಲ. ವಾಚೇ ಹೆಚ್ಚು ಹೇಳಿದ್ದು. ನಾನು ಅಳೆದು ಬಂದೆ.”

ಅತ್ತೆ ಈಗ ಲೋಟದಿಂದ ತಲೆ ಎತ್ತಿದರು. “ಮಾತು ಕೇಳಿದ್ನಾ?”

“ಕೇಳಿದ್ರು.”

“ಮತ್ಯಾಕೆ ಹೋದ?”

ಅದನ್ನು ಅಳೆಯುವ ಗಾಲಿ ಯಾರ ಹತ್ತಿರವೂ ಇರಲಿಲ್ಲ. ಅವಳು ಅತ್ತೆಯ ಕೈಯಿಂದ ಖಾಲಿ ಲೋಟ ತೆಗೆದುಕೊಂಡು ತೊಳೆದಿಟ್ಟಳು. ಆಮೇಲೆ ಎದುರುಮನೆಗೆ ಹೋದಳು.

ಟೇಪಣ್ಣ ಕೆಲಸಕ್ಕೆ ಹೊರಟು ಜೇಬಿನಲ್ಲಿ ಗಾಡಿಯ ಕೀ ಹುಡುಕುತ್ತಿದ್ದ. ಗಾಲಿ ಕಂಡು ಮುಜುಗರಪಟ್ಟುಕೊಂಡ. “ಅಯ್ಯೋ, ಇದಕ್ಕೇನು ಅವಸರ ಇತ್ತಮ್ಮ? ಆಫೀಸಲ್ಲಿ ಇನ್ನೊಂದಿದೆ.”

“ಇರ್ಲಿ ಅಣ್ಣ. ಅವರ ಕೆಲಸ ಮುಗೀತು.”

ಅವನು ಡಬ್ಬಿ ನೋಡಿದ. ಅವಳು ಹೋಗಿಬಂದ ಲೆಕ್ಕ ಅದರಲ್ಲಿ ಇನ್ನೂ ಹಾಗೆಯೇ ಇತ್ತು. “ಇದೂ ಸ್ವಲ್ಪ ಜಾಸ್ತೀನೇ ತೋರ್ಸುತ್ತೆ. ಗುಂಡಿಗೆ ಇಳಿದು ಹತ್ತುತ್ತಲ್ಲ.”

“ಹಾಗಾದ್ರೆ ಇನ್ನೂ ಕಡಿಮೆ,” ಎಂದಳು ಅವಳು.

“ಇನ್ನೂ ಕಡಿಮೆ,” ಎಂದ ಅವನು, ಏನೆಂದು ಕೇಳದೆ.

ಚಕ್ರಕ್ಕೆ ದಾರಿಯ ಕೆಸರು ಮೆತ್ತಿಕೊಂಡಿತ್ತು. “ತೊಳೆದು ಕೊಡ್ಬೇಕಿತ್ತು,” ಎಂದಳು.

“ಬಿಡಮ್ಮ, ಇವತ್ತೂ ಕೆಸರಲ್ಲೇ ಹೋಗೋದು,” ಎಂದು ಅವನು ಗಾಲಿಯನ್ನು ಗಾಡಿಯ ಹಿಂದೆ ಕಟ್ಟಿಕೊಂಡ.